ಅವ್ವ ಬರೆಸಿದ ತಂಗಿ

ಕಳೆದ ವಾರ ಕೌದಿ ಒಗೆಯಲು ತೆಗೆದಾಗ ಅದರ ಒಂದು ಮೂಲೆ ಹರಿಯಿತು. ಒಳಗಿನಿಂದ ಬೂದು ಬಣ್ಣದ ಪುಡಿ ಉದುರಿತು. ಮೂಸಿ ನೋಡಿದೆ. ಹಳೆಯ ಜೋಳದ ವಾಸನೆ, ಜೊತೆಗೆ ಸ್ವಲ್ಪ ಮುಗ್ಗಲು, ಸ್ವಲ್ಪ ಹೊಗೆ... ಈಗ ನಾನಿರುವ ಇಬ್ರಾಹಿಂಪುರದ ಬಾಡಿಗೆ ಮನೆಯ ಬಚ್ಚಲಲ್ಲಿ, ಬಕೆಟ್ ತುಂಬಿ ಹರಿಯುತ್ತಿದ್ದರೂ ನಲ್ಲಿ ನಿಲ್ಲಿಸದೆ, ಅದನ್ನು ಹಿಡಿದುಕೊಂಡು ಕುಳಿತುಬಿಟ್ಟೆ.

ನಮ್ಮ ಕಡೆ ಕೌದಿ ಹೊಲಿದು ಮುಗಿಸುವಾಗ ಕೊನೆಯ ಮೂಲೆಯಲ್ಲಿ ಒಂದು ಚೂರು ರೊಟ್ಟಿ ಇಟ್ಟು ಹೊಲಿಗೆ ಹಾಕುತ್ತಾರೆ. ಕೌದಿಯ ಹೊಟ್ಟೆ ಹಸಿದಿರಬಾರದು, ಹಸಿದ ಕೌದಿ ಹೊದ್ದವರಿಗೆ ನಿದ್ದೆ ಹತ್ತಗೊಡುವುದಿಲ್ಲ ಎಂದು ನಂಬಿಕೆ. ಈ ಕೌದಿಯನ್ನು ಹೊಲಿಯಲು ಶುರುಮಾಡಿದವಳು ನನ್ನ ಅವ್ವ. ಆದರೆ ಇದರಲ್ಲಿ ರೊಟ್ಟಿ ಇಟ್ಟವಳು ಅವ್ವ ಅಲ್ಲ, ಎದುರು ಮನೆಯವಳು.

ಅವಳನ್ನು ಚಿಗವ್ವ ಎಂದು ಕರೆಯಬೇಕೆಂದು ಅವ್ವ ಹೇಳುತ್ತಿದ್ದಳು. ನಾನು ಕರೆಯಲಿಲ್ಲ. ಅವ್ವ ಅರಕೇರಿಯ ತವರಿಗೆ ಒಬ್ಬಳೇ ಮಗಳು. ಇಲ್ಲದ ತಂಗಿಯನ್ನು ಇದ್ದಾಳೆಂದು ಹೇಳುವುದು ಸುಳ್ಳಾಗುತ್ತದೆ ಎಂದು ಎಂಟು ವರ್ಷದ ನಾನು ವಾದಿಸುತ್ತಿದ್ದೆ. ಆದರೆ ನಿಜವಾದ ಕಾರಣ ಅದಲ್ಲ. ಅವ್ವ ಅವಳ ಜೊತೆ ನಗುವಂತೆ ನನ್ನ ಜೊತೆ ಎಂದೂ ನಗುತ್ತಿರಲಿಲ್ಲ.

ಆಗ ನಾವು ತಿಕೋಟಾದಲ್ಲಿದ್ದೆವು. ಅವಳು ಗಂಡ ತೀರಿದ ಮೇಲೆ ಎದುರಿನ ಒಂದು ಕೋಣೆಯಲ್ಲಿ ಒಬ್ಬಳೇ ಇದ್ದಳು. ಮಧ್ಯಾಹ್ನದ ಊಟ ಮುಗಿಯುತ್ತಿದ್ದಂತೆ ಇಬ್ಬರೂ ನಮ್ಮ ಪಡಸಾಲೆಯಲ್ಲಿ ಕೌದಿ ಹಾಸಿಕೊಂಡು ಎದುರುಬದುರಾಗಿ ಕೂಡುತ್ತಿದ್ದರು. ಊರವರು ಹಳೆಯ ಸೀರೆ, ಧೋತರ ತಂದುಕೊಡುತ್ತಿದ್ದರು; ಇವರು ಹೊಲಿದು ಕೂಲಿ ತೆಗೆದುಕೊಳ್ಳುತ್ತಿದ್ದರು. ಅವ್ವನ ಹೊಲಿಗೆ ಗಿಡ್ಡ, ಒತ್ತೊತ್ತು. ಅವಳದು ಉದ್ದ, ಅವಸರದ್ದು. ಎರಡು ಕಡೆಯಿಂದ ಸಾಲು ಸಾಲಾಗಿ ಬಂದು ನಡುವೆ ಕೂಡುತ್ತಿದ್ದವು. ನಾನು ಬಾಗಿಲ ಹತ್ತಿರ ಪುಸ್ತಕ ಹಿಡಿದು ಕುಳಿತು, ಓದದೆ, ಅವರ ಮಾತು ಕೇಳುತ್ತಿದ್ದೆ.

ಒಂದು ದಿನದ ಮಾತು ಚೆನ್ನಾಗಿ ನೆನಪಿದೆ.

"ಅಲ್ಲಬೇ ಅಕ್ಕಾ, ಆ ಸಾಹೇಬ ಮೂರು ಸಲ ಕೇಳಿದ. ನೀ ನೆಲಾ ನೋಡಿಕೋತ ನಿಂತಿ. ಒಂದು ಒಡಪಾದ್ರೂ ಹೇಳಿಬಿಡಬಾರದಿತ್ತೇನು?"

"ಹಿಂದ ಅಷ್ಟು ಮಂದಿ ಪಾಳಿ ಹಚ್ಚಿ ನಿಂತಾರ, ಒಡಪು ಹೇಳಂತಿ. ನಾಚಿಕಿ ಇಲ್ಲ ನಿನಗ."

"ನಾನ ಹೇಳ್ತಿದ್ದೆ. ನನ್ನ ಗಂಡನ ಹೆಸರು ಹೇಳಿದ್ರ ಅಂವಾ ಅದನ್ನ ಬರಕೋತಿದ್ದ, ಆಮ್ಯಾಲ ನಿಮ್ಮ ಯಜಮಾನ್ರು ನನ್ನ ಮ್ಯಾಲ ಜಗಳಕ್ಕ ಬರ್ತಿದ್ರು."

ಇಬ್ಬರೂ ಸೂಜಿ ಬಿಟ್ಟು ನಕ್ಕರು. ಗಂಡನ ಹೆಸರನ್ನು ಹೆಂಗಸರು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಮದುವೆ, ಸೀಮಂತಗಳಲ್ಲಿ ಪ್ರಾಸ ಕಟ್ಟಿ ಒಡಪಿನಲ್ಲಿ ಸೇರಿಸಿ ಹೇಳುತ್ತಿದ್ದರು. ಅಷ್ಟು ನನಗೆ ಗೊತ್ತಿತ್ತು. ಆದರೆ ಯಾವ ಸಾಹೇಬ, ಎಲ್ಲಿಯ ಪಾಳಿ ತಿಳಿಯಲಿಲ್ಲ. ಕೇಳಿದೆ.

"ಎಲ್ಲಿಲ್ಲ. ನೀ ಒಳಗ ಹೋಗಿ ಓದಿಕೋ," ಎಂದಳು ಅವ್ವ.

ಅವಳು ಮಾತ್ರ ನನ್ನತ್ತ ತಿರುಗಿ, "ಬಾರಬೇ, ಹೊಲಿಗಿ ಕಲಿಸತೇನಿ," ಎಂದು ಪಕ್ಕದಲ್ಲಿ ಜಾಗ ಮಾಡಿದಳು. ನನ್ನ ಅವ್ವನ ಹತ್ತಿರ ನನಗೆ ಜಾಗ ಮಾಡಿಕೊಡಲು ಇವಳು ಯಾರು? ನಾನು ಒಳಗೆ ಹೋದೆ. ಒಳಗಿದ್ದುಕೊಂಡು ಅವರು ಮತ್ತೆ ನಗುವುದನ್ನು ಕಾದೆ. ನಕ್ಕರು.

ನಾನು ಎಂಟನೆಯ ತರಗತಿಯಲ್ಲಿದ್ದಾಗ ಅವ್ವ ತೀರಿಕೊಂಡಳು. ಅವತ್ತು ಎದುರು ಮನೆಯವಳು ಎಲ್ಲರಿಗಿಂತ ಜೋರಾಗಿ ಅತ್ತಳು. ಬಂದವರು ಅವಳನ್ನೇ ಮೊದಲು ಸಮಾಧಾನ ಮಾಡಿದರು. ನಾನು ಅಳಲಿಲ್ಲ. ಅವಳು ಅಷ್ಟು ಅತ್ತ ಮೇಲೆ ನನಗೆ ಏನು ಉಳಿದಿತ್ತು... ಅವಳು ನನ್ನನ್ನು ಎಳೆದು ಅಪ್ಪಿಕೊಳ್ಳಲು ಬಂದಾಗ ಎದ್ದು ನೀರಿನ ಕೊಡದ ಹತ್ತಿರ ಹೋಗಿ ನಿಂತೆ. ಆ ವರ್ಷವೇ ನಾನು ವಿಜಯಪುರದ ಹಾಸ್ಟೆಲಿಗೆ ಬಂದೆ. ಅವಳು ಬಬಲೇಶ್ವರದ ತನ್ನ ಅಣ್ಣನ ಮನೆಗೆ ಹೋದಳೆಂದು ಅಪ್ಪ ಒಮ್ಮೆ ಹೇಳಿದ. ನಾನು ಮುಂದೆ ಏನೂ ಕೇಳಲಿಲ್ಲ.

ಡಿಗ್ರಿಯ ಮೊದಲ ವರ್ಷ, ಒಂದು ಭಾನುವಾರ, ಹಾಸ್ಟೆಲಿನ ವಾಚ್‌ಮನ್ ಮೆಟ್ಟಿಲ ಕೆಳಗಿನಿಂದ ಕೂಗಿದ.

"ಮೇಡಂ, ನಿಮ್ಮ ಚಿಗವ್ವ ಬಂದಾರ್ರಿ."

"ನನಗ ಚಿಗವ್ವ ಯಾರೂ ಇಲ್ರಿ," ಎಂದೆ.

ಅವನದು ದೊಡ್ಡ ದನಿ. ನಾನು ಹೇಳಿದ್ದನ್ನು ಗೇಟಿನ ಹತ್ತಿರ ಹೋಗಿ ಹಾಗೆಯೇ ಹೇಳಿದ್ದು ಮೇಲಿನ ಕಿಟಕಿಗೆ ಕೇಳಿಸಿತು. ಅವಳು ಬೇವಿನ ಮರದ ಕೆಳಗಿನ ಕಲ್ಲಿನ ಮೇಲೆ ಕುಳಿತಳು. ಪಕ್ಕದಲ್ಲಿ ದೊಡ್ಡ ಗಂಟು. ಎದೆಗೆ ಅವಚಿ ಹಿಡಿದ ಒಂದು ಸಣ್ಣ ಚೀಲ. ಸುಮಾರು ಎರಡು ತಾಸು ಕುಳಿತಿದ್ದಳು. ನಾನು ಪರದೆಯ ಹಿಂದಿನಿಂದ ನೋಡುತ್ತಿದ್ದೆ. ಆಮೇಲೆ ಗಂಟನ್ನು ವಾಚ್‌ಮನ್ ಕೈಗೆ ಕೊಟ್ಟು, ಸಣ್ಣ ಚೀಲವನ್ನು ತನ್ನ ಹತ್ತಿರವೇ ಇಟ್ಟುಕೊಂಡು ಹೋದಳು.

ಗಂಟಿನಲ್ಲಿ ಈ ಕೌದಿ ಇತ್ತು. ಅವ್ವ ಅರ್ಧಕ್ಕೆ ಬಿಟ್ಟದ್ದನ್ನು ಅವಳು ಮುಗಿಸಿದ್ದಳು. ಹೊದ್ದುಕೊಂಡೆ, ಆದರೆ ದಿನಾಲೂ ಅವ್ವನ ಗಿಡ್ಡ ಹೊಲಿಗೆಯ ಅರ್ಧ ಮುಖದ ಕಡೆ, ಅವಳದು ಕಾಲಿನ ಕಡೆ ಬರುವಂತೆ ತಿರುಗಿಸಿಕೊಂಡು.

ಹೋದ ವರ್ಷ ಅಪ್ಪನೂ ತೀರಿಕೊಂಡ. ಅವನ ಕಾಗದಪತ್ರಗಳಿಗಾಗಿ, ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಯಾರೂ ಮುಟ್ಟದ ಬ್ಯಾಂಕ್ ಖಾತೆಗಳನ್ನು ಹುಡುಕಿಕೊಡುವ ಜಾಲತಾಣದಲ್ಲಿ ಅವನ ಹೆಸರು ಹಾಕಿ ನೋಡಿದೆ. ಇರಲಿಲ್ಲ. ಅವ್ವನ ಹೆಸರನ್ನು ನಮ್ಮ ಮನೆತನದ ಅಡ್ಡಹೆಸರಿನೊಂದಿಗೆ ಹಾಕಿದೆ. ಅದೂ ಇರಲಿಲ್ಲ. ಕೊನೆಗೆ, ಯಾಕೆಂದು ಹೇಳಲಾರೆ, ಅರಕೇರಿಯ ಅಜ್ಜನ ಅಡ್ಡಹೆಸರು ಸೇರಿಸಿದೆ. ತಿಕೋಟಾದ ಒಂದು ಖಾತೆ ತೆರೆದುಕೊಂಡಿತು.

ಬ್ಯಾಂಕಿನ ಅಧಿಕಾರಿ ಹಳೆಯ ಅರ್ಜಿಯನ್ನು ಹುಡುಕಿಸಿ ತರಿಸಿದರು. ಗಂಡನ ಹೆಸರಿನ ಜಾಗದಲ್ಲಿ ಒಂದು ಗೆರೆ ಎಳೆದು ತಂದೆಯ ಹೆಸರು ಬರೆದಿತ್ತು. ಊರು ಅರಕೇರಿ. ನೆಲ ನೋಡುತ್ತ ನಿಂತ ಅವ್ವ, ಮೂರು ಸಲ ಕೇಳಿ ಸುಸ್ತಾದ ಸಾಹೇಬ, ಹಿಂದಿನ ಪಾಳಿ, ಎಲ್ಲವೂ ಆ ಒಂದು ಗೆರೆಯಲ್ಲಿದ್ದವು. ಅಪ್ಪನಿಗೆ ಈ ಖಾತೆ ಸಿಗದೇ ಹೋದದ್ದೂ ಅದರಿಂದಲೇ. ಅಪ್ಪನ ಕೈಯಲ್ಲಿ ದುಡ್ಡು ನಿಲ್ಲುತ್ತಿರಲಿಲ್ಲ, ಕೇಳಿದವರಿಗೆಲ್ಲ ಕೊಟ್ಟುಬಿಡುತ್ತಿದ್ದ. ಅವ್ವನ ಮೌನದಲ್ಲಿ ನಾಚಿಕೆ ಎಷ್ಟು, ಜಾಣತನ ಎಷ್ಟು, ಗೊತ್ತಿಲ್ಲ.

ಕೆಳಗೆ ನಾಮಿನಿಯ ಖಾನೆ. ಅಲ್ಲಿ ಎದುರು ಮನೆಯವಳ ಹೆಸರು. ಸಂಬಂಧ: ತಂಗಿ.

"ಇವರನ್ನ ಕರ್ಕೊಂಡ ಬರ್ರಿ ಮೇಡಂ. ಇವರದೊಂದು ಸಹಿ ಆದ್ರ ಆತು," ಎಂದರು ಅಧಿಕಾರಿ. "ಮೂರು ತಿಂಗಳ ಹಿಂದ ತೀರಿದವರ ರೊಕ್ಕಕ್ಕ ಮಂದಿ ಬಂದು ಬಡದಾಡ್ತಾರ. ಇವರು ನೋಡ್ರಿ, ಇಷ್ಟು ವರ್ಷ ಈ ಕಡೆ ಹಾದೇ ಇಲ್ಲ."

ನಾನು ಆ ಎರಡಕ್ಷರವನ್ನೇ ನೋಡುತ್ತಿದ್ದೆ. ಅರ್ಜಿಯ ಎರಡೂ ಪುಟಗಳಲ್ಲಿ ಎಲ್ಲಿಯೂ ನನ್ನ ಹೆಸರಿರಲಿಲ್ಲ. ನಾನು ಆಗ ಸಣ್ಣವಳು, ನನ್ನ ಹೆಸರು ಹಾಕಿದರೆ ಅಪ್ಪನ ಹೆಸರೂ ಬರುತ್ತಿತ್ತು ಎಂದು ಬುದ್ಧಿ ಹೇಳಿತು. ಹೊಟ್ಟೆ ಕೇಳಲಿಲ್ಲ. ಸತ್ತ ಅವ್ವನನ್ನೂ ಅವಳು ನನ್ನಿಂದ ಕಸಿದುಕೊಂಡಂತೆ ಉರಿಯಿತು.

ಬಬಲೇಶ್ವರದ ಬಸ್ಸಿನಲ್ಲಿ ಹೇಳಬೇಕಾದ ಮಾತುಗಳನ್ನು ಒಂದೊಂದಾಗಿ ಜೋಡಿಸಿಕೊಂಡೆ. ಸಹಿ ಬೇಕು, ಬಸ್ ಚಾರ್ಜು ಕೊಡುತ್ತೇನೆ, ನಿಮ್ಮ ಪಾಲು ಎಷ್ಟೆಂದು ಹೇಳಿ. ಕೊನೆಗೆ, ಕೆಲಸ ಮುಗಿದ ಮೇಲೆ, ಇನ್ನೊಂದನ್ನು ಕೇಳಬೇಕೆಂದುಕೊಂಡೆ. ನಾನು ಒಳಗೆ ಹೋದ ಮೇಲೆ ನೀವಿಬ್ಬರೂ ಏನು ಮಾತಾಡಿ ನಗುತ್ತಿದ್ದಿರಿ?

ಅವಳ ಅಣ್ಣನ ಹೆಂಡತಿ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದರು. ಹೆಸರು ಹೇಳಿ ಪರಿಚಯ ಮಾಡಿಕೊಂಡೆ. ಮೊರ ಕೆಳಗಿಟ್ಟರು.

"ಆ ಕೌದಿ ಹುಡುಗಿ ಏನಬೇ ನೀ? ತಡಾ ಮಾಡಿದೆಲ್ಲ. ಆಕಿ ಹೋಗಿ ಎರಡು ವರ್ಷಾತು."

ನಾನು ಅಲ್ಲೇ ಮೊರದ ಪಕ್ಕ ಕುಳಿತೆ. ಅವರು ಚಹಾ ಮಾಡಿಕೊಟ್ಟರು. ಟ್ರಂಕಿನಿಂದ ಒಂದು ಸಣ್ಣ ಚೀಲ ತಂದರು. ಬೇವಿನ ಮರದ ಕೆಳಗೆ ನೋಡಿದ್ದ ಅದೇ ಚೀಲ. ಒಳಗೆ ಅವ್ವನ ಪಾಸ್‌ಬುಕ್ಕು ಮಾತ್ರ ಇತ್ತು.

"ನಮ್ಮ ಮನಿಯಾರು ಭಾಳ ಸಲ ಅಂದ್ರು, ಹೆಸರು ನಿಂದೈತಿ, ತಗೊಂಡ ಬಾ, ಮಾಳಿಗಿ ಸೋರತೈತಿ, ರಿಪೇರಿ ಮಾಡಿಸೂಣು ಅಂತ. ಒಂದಿನಾ ಜಗಳನ ಆತು. 'ಅದು ಅಕ್ಕನ ಮಗಳದು, ಹುಡುಗಿಗೆ ಹದಿನೆಂಟು ತುಂಬಲಿ' ಅಂದ್ಲು. ತುಂಬಿದ ಮ್ಯಾಲ ಬಿಜಾಪುರಕ್ಕ ಹೋಗಿದ್ಲಲ್ಲ. ಕೈಯಾಗ ಕೊಡಬೇಕು, ಮತ್ತೊಬ್ಬರ ಕೈಯಾಗ ಕೊಡೂದಲ್ಲ ಅಂತ ಹೊಳ್ಳಿ ತಂದ್ಲು."

"ನಾ ಸಿಗಲಿಲ್ಲ ಅಂತ ಹೇಳಿದ್ರೇನ್ರಿ?"

"ಹೂಂ. ನೀ ಪರೀಕ್ಷಾಕ್ಕ ಬ್ಯಾರೆ ಊರಿಗೆ ಹೋಗಿದ್ದೆಂತಲ್ಲ. ಪಾಪ, ಭಾಳ ಓದತಾಳ, ಪುರಸೊತ್ತಿಲ್ಲ ಅಂತ ಊರ ಮಂದಿಗೆಲ್ಲ ಹೇಳಿಕೋತ ಬಂದ್ಲು. ಮತ್ತೊಮ್ಮೆ ಹೋಗು ಅಂದ್ರ, 'ಆಕಿ ತಾನ ಬರತಾಳ' ಅಂತಿದ್ಲು."

ವಾಚ್‌ಮನ್ ಹೇಳಿದ್ದನ್ನು ಅವಳು ಕೇಳಿಸಿಕೊಂಡಿದ್ದಳು. ನಾನು ಅದನ್ನು ಕಿಟಕಿಯಿಂದ ನೋಡಿದ್ದೆ.

"ಹೌದ್ರಿ," ಎಂದೆ. "ಊರಾಗ ಇರಲಿಲ್ಲ."

ಹೊರಡುವಾಗ ತಡೆಯಲಾರದೆ ಕೇಳಿದೆ, ಅವ್ವನ ಬಗ್ಗೆ ಅವಳು ಏನಾದರೂ ಹೇಳುತ್ತಿದ್ದಳೇ ಎಂದು.

"ಹೇಳತಿದ್ಲಲ್ಲ, ತಾಸುಗಟ್ಟಲೆ. ಹೇಳಿಕೋತ ತಾನ ನಗತಿದ್ಲು. ಅರ್ಧ ನಮಗೇನು ತಿಳೀತಿತ್ತಬೇ, ನಕ್ಕೋತನ ಹೇಳಿದ್ರ?"

ಅವಳ ಮರಣ ಪ್ರಮಾಣಪತ್ರದ ನಕಲು ಕೊಟ್ಟರು. ನಾನೇ ವಾರಸುದಾರಳೆಂದು ಬ್ಯಾಂಕಿಗೆ ತೋರಿಸಲು ತಿಕೋಟಾದ ಗ್ರಾಮಲೆಕ್ಕಿಗರಾದ ತಲಾಟಿ ನಮ್ಮ ವಂಶಾವಳಿ ಬರೆದುಕೊಟ್ಟರು: ಅಪ್ಪ, ಅವ್ವ, ಕೆಳಗೆ ನಾನು. ಅದರಲ್ಲಿ ಅವಳಿಗೆ ಜಾಗ ಇರಲಿಲ್ಲ. ಬಹಳ ವರ್ಷಗಳ ಹಿಂದೆ ಇಂಥ ಒಂದು ಕಾಗದ ಸಿಕ್ಕಿದ್ದರೆ ಅದನ್ನು ಅವ್ವನ ಮುಂದೆ ಹಿಡಿದು ಗೆದ್ದೆನೆಂದುಕೊಳ್ಳುತ್ತಿದ್ದೆ.

ಬ್ಯಾಂಕಿನಲ್ಲಿ ಅಧಿಕಾರಿ ಅರ್ಜಿ ತುಂಬಿಸಿಕೊಳ್ಳುತ್ತ, ತೀರಿಹೋದ ನಾಮಿನಿಯ ಹೆಸರಿನ ಹತ್ತಿರ ಪೆನ್ನು ನಿಲ್ಲಿಸಿದರು.

"ಇವರು ನಿಮಗ ಏನಾಗಬೇಕ್ರಿ?"

ಹಿಂದೆ ಪಾಳಿ ಇತ್ತು. ನಾನೂ ಸ್ವಲ್ಪ ಹೊತ್ತು ನೆಲ ನೋಡಿದೆ.

"ಚಿಗವ್ವ," ಎಂದೆ.

ಅವರು ಬರೆದುಕೊಂಡು ಪುಟ ತಿರುವಿದರು. ಆ ಶಬ್ದವನ್ನು ನಾನು ಬಾಯಿಬಿಟ್ಟು ಅಂದದ್ದು ಅದೇ ಮೊದಲು. ಅದೂ ಒಬ್ಬ ಅಪರಿಚಿತರ ಮುಂದೆ.

ಹಣ ಬಂದಿದೆ. ಎಷ್ಟೆಂದು ಇಲ್ಲಿ ಬರೆಯುವುದಿಲ್ಲ. ಅದರಲ್ಲಿ ಒಂದು ಪಾಲನ್ನು ಬಬಲೇಶ್ವರದ ಮಾಳಿಗೆಗೆಂದು ತೆಗೆದುಕೊಂಡು ಹೋದೆ. ಅವಳ ಅತ್ತಿಗೆ, "ಆಕಿ ಬೈತಾಳಬೇ," ಎಂದು ಮುಟ್ಟಲಿಲ್ಲ. ಅಲ್ಲಿಯೂ ಅವಳೇ ಗೆದ್ದಳು. ಹೊಟ್ಟೆಕಿಚ್ಚು ಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಅವ್ವನ ಆ ನಗುವಿನಲ್ಲಿ ಏನಿತ್ತೆಂದು ತಿಳಿದಿದ್ದ ಒಬ್ಬಳೇ ಒಬ್ಬಳು ಅವಳು. ಅದನ್ನು ಅವಳು ತನ್ನ ಜೊತೆಗೇ ತೆಗೆದುಕೊಂಡು ಹೋದಳು...

ಕೌದಿ ಈಗ ಒಣಗಿದೆ. ಒಗೆದು ಒಗೆದು ದಾರಗಳು ಸವೆದು, ಎಷ್ಟೋ ಕಡೆ ಹೊಲಿಗೆ ಬಿಟ್ಟುಹೋಗಿದೆ. ಯಾವ ಅರ್ಧ ಅವ್ವನದು ಎಂದು ಬೆರಳಾಡಿಸಿ ನೋಡಿದೆ. ಗೊತ್ತಾಗಲಿಲ್ಲ. ಹರಿದ ಮೂಲೆಗೆ ಇಡಲೆಂದು ನಿನ್ನೆ ಒಂದು ಚೂರು ರೊಟ್ಟಿ ಎತ್ತಿಟ್ಟಿದ್ದೇನೆ. ಸೂಜಿ, ದಾರವೂ ತಂದಿದ್ದೇನೆ. ಹೊಲಿಯಲು ಮಾತ್ರ ನನಗೆ ಬರುವುದಿಲ್ಲ. ಕಲಿಸುತ್ತೇನೆ ಬಾ ಎಂದು ಪಕ್ಕದಲ್ಲಿ ಜಾಗ ಮಾಡಿದವಳ ಹತ್ತಿರ ಅವತ್ತು ನಾನು ಕೂಡಲಿಲ್ಲ.