ಶುಭವಿವಾಹ ಬಾರಿಸಿದ ಸೈರಾಬಾನು

ನರಗುಂದದ ಬಸ್ ಸ್ಟ್ಯಾಂಡ್ ಹಿಂದಿನ ಪ್ರೆಸ್ಸಿನಲ್ಲಿ ಸೈರಾಬಾನು ಲಗ್ನಪತ್ರಿಕೆ ಟೈಪ್ ಮಾಡಲು ಕೂತರೆ, ಮಾಲಕ ನರಸಿಂಹರಾಯರು ಒಂದು ಸಾಲು ಓದುವುದರೊಳಗೆ ಮುಂದಿನ ಎರಡು ಸಾಲು ಮುಗಿದಿರುತ್ತಿದ್ದವು. ಏಳು ವರ್ಷ ಪಳಗಿದ ಕೈ. 2006ರ ಏಪ್ರಿಲ್‌ನಲ್ಲಿ, ಲಗ್ನದ ಕೆಲಸ ಮೈಮೇಲೆ ಬಂದಿದ್ದಾಗಲೇ, ಬಸ್ಸಿನ ಬಾಗಿಲು ಬಡಿದು ಅವಳ ಬಲಗೈಯ ಎರಡು ಬೆರಳು ಮುರಿದವು. ಒಂದೂವರೆ ತಿಂಗಳು ಪ್ಲಾಸ್ಟರ್.

"ಗದಗಿನಿಂದ ಯಾರನ್ನರ ಕರಸ್ತೀನವಾ. ನೀ ಆರಾಮ ಮಾಡು," ಎಂದರು ರಾಯರು.

ಅವರು ಅಷ್ಟು ಮೆತ್ತಗೆ ಹೇಳಿದ್ದನ್ನೇ ಅವಳಿಗೆ ತಡೆದುಕೊಳ್ಳಲಾಗಲಿಲ್ಲ. "ನಾಲ್ಕ ದಿನಾ ತಡೀರಿ ಮಾಲಕ್ರ."

ಎಡಗೈಯೊಂದರಲ್ಲೇ ಒಂದು ಪತ್ರಿಕೆಗೆ ಅರ್ಧ ದಿನ ಹಿಡಿಯಿತು. ಸಂಜಿಗೆ ಮನೆಯಲ್ಲಿ ಅಳುಮೋರೆ ಹಾಕಿ ಕೂತವಳ ಹತ್ತಿರ ತಮ್ಮ ಮುಜಫ್ಫರ ಬಂದ. ಲಗ್ನದ ಬ್ಯಾಂಡಿನಲ್ಲಿ ಅವನದು ಕೀಬೋರ್ಡ್. ಸ್ಪೀಕರ್ ಸುಟ್ಟ ಹಳೆಯ ಕೀಬೋರ್ಡೊಂದು ಅಟ್ಟದ ಮೇಲಿತ್ತು, ಅದನ್ನು ಇಳಿಸಿ ತಂದ.

"ಅದರ ಹಿಂದ ಮಿಡಿ ಅಂತ ಒಂದು ತೂತ ಐತಿ ಆಪಾ. ವಾಯರ್ ಹಾಕಿದ್ರ ಯಾವ ಪಟ್ಟಿ ಒತ್ತೀವಿ ಅನ್ನೋದು ಕಂಪ್ಯೂಟರಿಗೆ ತಿಳೀತೈತಿ."

ಸೈರಾಬಾನು ನೆಟ್ಟಗೆ ಕೂತಳು. "ತಿಳದ ಮ್ಯಾಲ, ಅದು ಅಕ್ಷರ ಯಾಕ ಬರೀಬಾರ್ದು?"

ಮರುದಿನ ಅಕ್ಕ ತಮ್ಮ ಗದಗಿನ ಇಂಟರ್‌ನೆಟ್ ಅಂಗಡಿಗೆ ಹೋಗಿ, ಒತ್ತಿದ ಸ್ವರಕ್ಕೆ ಅಕ್ಷರ ಮೂಡಿಸುವ ಪುಟ್ಟದೊಂದು ಪುಕ್ಕಟೆ ಪ್ರೋಗ್ರಾಂ ಹುಡುಕಿ, ಫ್ಲಾಪಿಗೆ ಹಾಕಿಸಿಕೊಂಡು ಬಂದರು.

ಪ್ರೆಸ್ಸಿನಲ್ಲಿ ಎಲ್ಲ ಜೋಡಿಸಿ, ಎಡತುದಿಯ ಬಿಳಿ ಪಟ್ಟಿಗೆ ಒಂದು ಪದ ಹೊಂದಿಸಿ, ಅವಳು ಅದನ್ನು ಅಂಜುತ್ತಲೇ ಒತ್ತಿದಳು. ಸಪ್ಪಳವಿಲ್ಲ. ಪರದೆಯ ಮೇಲೆ ಮಾತ್ರ ಟಪ್ಪನೆ "ಶುಭವಿವಾಹ" ಮೂಡಿತು. ಅವಳು ಕಿರುಚಿದ ರಭಸಕ್ಕೆ ರಾಯರ ಚಹಾ ಧೋತರದ ಮೇಲೆ ಚೆಲ್ಲಿತು.

ಮುಂದಿನ ಎರಡು ದಿನ ಅವಳಿಗೆ ಊಟದ ನೆನಪಿಲ್ಲ. ಎರಡನೇ ಪಟ್ಟಿಗೆ ವರನ "ಚಿ. ರಾ.", ಮೂರನೆಯದಕ್ಕೆ ವಧುವಿನ "ಚಿ. ಕುಂ. ಸೌ.", ಇನ್ನೊಂದಕ್ಕೆ "ಗುರು-ಹಿರಿಯರು ನಿಶ್ಚಯಿಸಿದ ಪ್ರಯುಕ್ತ" ಎಂಬ ಇಡೀ ಸಾಲು. ಬಲಗಡೆಗೆ ನಿಕಾಹ್, ಲಗ್ನದೂಟದ ವಲೀಮಾ. ಕರಿ ಪಟ್ಟಿಗಳಿಗೆ ಸೇವ್, ಪ್ರಿಂಟ್. ಹೆಸರು, ತಾರೀಖು ಮಾತ್ರ ಕೈಯಿಂದ ಹೊಡೆದರೆ ಸಾಕು.

ಮೂರನೇ ದಿನ ಸವಡಿಯ ಅಂದಾನಪ್ಪ ಮಗಳ ಪತ್ರಿಕೆ ನೋಡಲು ಬಂದು ಕೂತಿದ್ದ. ಅಷ್ಟರಲ್ಲಿ ಒಳಗೆ ಬಂದ ಮುಜಫ್ಫರ, ಚಾಳಿಬಿದ್ದ ಕೈ, ನಿಂತಲ್ಲೇ ಮೆರವಣಿಗೆಯ ವರಾತದ ಧಾಟಿಯೊಂದನ್ನು ಕೀಬೋರ್ಡಿನ ಮೇಲೆ ಎರಡೂ ಕೈಯಿಂದ ಬಾರಿಸಿಯೇ ಬಿಟ್ಟ. ಪ್ರಿಂಟರ್ ಗರಗರ ಅಂದಿತು. ಹೊರಬಂದ ಹಾಳೆಯಲ್ಲಿ ಹನ್ನೊಂದು ವಧು, ಆರು ವರ, ನಡುನಡುವೆ ವಲೀಮಾ.

ಅಂದಾನಪ್ಪ ಕನ್ನಡಕ ಏರಿಸಿ ಓದಿದ. "ಯವ್ವಾ, ನನಗ ಇರಾಕಿ ಒಬ್ಬಾಕೀನ ಮಗಳು!"

ರಾಯರು ನಕ್ಕು ನಕ್ಕು ಗೋಡೆ ಹಿಡಿದರು. ಸೈರಾಬಾನು ನಗುತ್ತಲೇ ತಮ್ಮನ ಕೈಗೆ ಬಾರಿಸಿ, ಎರಡು ಪಟ್ಟಿ ಒಟ್ಟಿಗೆ ಒತ್ತಿದರಷ್ಟೇ ಪ್ರಿಂಟ್ ಆಗುವಂತೆ ಬದಲಿಸಿದಳು. ಅಂದಾನಪ್ಪನ ಚಹಾ ಮುಗಿಯುವುದರೊಳಗೆ ಖರೇ ಪತ್ರಿಕೆ ಅವನ ಕೈಯಲ್ಲಿತ್ತು.

ಆ ಹಂಗಾಮು ಪೂರ್ತಿ ಅವಳೊಬ್ಬಳೇ ತೂಗಿಸಿದಳು. ಗದಗಿನಿಂದ ಯಾರೂ ಬರಲಿಲ್ಲ. ಜೂನ್‌ನಲ್ಲಿ ಪ್ಲಾಸ್ಟರ್ ತೆಗೆದರು. ಬೆರಳು ಸ್ವಲ್ಪ ಸೆಟೆದೇ ಉಳಿದವು, ಕೀಬೋರ್ಡ್ ಮೇಜಿನ ಮೇಲೇ ಉಳಿಯಿತು. ಸುದ್ದಿ ಕೇಳಿ ರೋಣದ ಪ್ರೆಸ್ಸಿನ ಮದರಸಾಬ ಬಂದು, ಅರ್ಧ ತಾಸು ಕಣ್ಣು ಮಿಟುಕಿಸದೆ ನೋಡಿದ.

"ನಮ್ಮಲ್ಲೂ ಹಿಂಗ ಮಾಡಿ ಕೊಡ್ತೀಯೇನವಾ?"

"ಪತ್ರಿಕಿ ಯಾವ ಯಾವ ನಮೂನಿ ಹೊಡೀತೀರಿ, ಎಲ್ಲಾ ತಗದಿಡ್ರಿ," ಎಂದಳು ಸೈರಾಬಾನು. "ಐತವಾರ ಮೊದಲನೇ ಬಸ್ಸಿಗೇ ಬರ್ತೀನಿ."