ಒಂಬತ್ತನೆಯ ಮಾಲೆ

ನಮ್ಮ ಮನೆಯಲ್ಲಿ ಘಟ್ಟ ಕೂಡಿಸಿದ ಮೇಲೆ ಅಂಗಡಿಯ ಹೂವು ಒಳಗೆ ಬರುವಂತಿಲ್ಲ. ಇದು ನನ್ನ ಅತ್ತೆಯ ಕಾನೂನು. ಮಹಾನವಮಿಯ ಮೊದಲ ದಿನ ದೇವರ ಕೋಣೆಯಲ್ಲಿ ಹೊಲದ ಮಣ್ಣು ಹರಡಿ, ನಡುವೆ ನೀರು ತುಂಬಿದ ಗಡಿಗೆ ಇಟ್ಟು, ಸುತ್ತಲೂ ಐದು ಥರದ ಕಾಳು ಬಿತ್ತುತ್ತಾರೆ. ಅದೇ ಘಟ್ಟ. ಪಕ್ಕದಲ್ಲಿ ಹಚ್ಚಿದ ದೀಪ ದಸರೆಯವರೆಗೆ ಆರಬಾರದು. ದಿನಕ್ಕೊಂದು ಹೂವಿನ ಮಾಲೆ ಕಟ್ಟಿ ಗಡಿಗೆಯ ಮೇಲೆ ಇಳಿಬಿಡಬೇಕು. ಘಟ್ಟಕ್ಕೆ ಕೂತವರು ಅಷ್ಟೂ ದಿನ ಮನೆಯ ತಲೆಬಾಗಿಲ ಹೊಸ್ತಿಲು ದಾಟಬಾರದು.

ಹೂವು ಹಿತ್ತಲಿನದೇ ಆಗಬೇಕೆಂದು ಮುಂಗಾರಿನಲ್ಲೇ ನಮ್ಮಲ್ಲಿ ಚೆಂಡುಹೂವಿನ ಸಸಿ ಹಚ್ಚುವುದು ಶುರುವಾಗುತ್ತದೆ. ನಾನು ಸರಕಾರಿ ಶಾಲೆಯ ಶಿಕ್ಷಕಿ. ಮಂದಿಗೆ ದಸರಾ ರಜೆ ಎಂದರೆ ತವರಿಗೆ ಹೋಗಿ ಕಾಲು ಚಾಚುವುದು, ನನಗೆ ಮಾತ್ರ ಹೂ ಹರಿಯುವುದು, ಮಾವಿನ ತೋರಣ ಕಟ್ಟುವುದು, ಬಾಗಿಲಿನ ಎರಡೂ ಬದಿಗೆ ಜೋಳದ ದಂಟು ನಿಲ್ಲಿಸುವುದು. ಗೊಣಗುತ್ತಲೇ ಮಾಡುತ್ತೇನೆ. ಅತ್ತೆ ನನ್ನ ಗೊಣಗಾಟವನ್ನು ಪೂಜೆಯ ಮಂತ್ರದ ಹಾಗೆ ಕೇಳಿಸಿಕೊಳ್ಳುತ್ತಾರೆ.

ಆ ವರ್ಷದ ಘಟ್ಟ ಬೇರೆಯದಾಗಿತ್ತು. ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ತುಂಬು ಬಸುರಿ. ಅವಳು ಸಿದ್ದಾಪುರದ ಕಡೆಯವಳು, ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವ ಸೀಮೆಯಿಂದ ಬಂದವಳು. ತವರಿನಲ್ಲಿ ಹುಟ್ಟಿದ ಅವಳ ಮೊದಲ ಕೂಸು ಉಳಿದಿರಲಿಲ್ಲ. ಈ ಸಲ ಹೆರಿಗೆ ನಮ್ಮಲ್ಲೇ ಆಗಲಿ ಎಂದು ಅತ್ತೆ ಹಟ ಹಿಡಿದರು. ಹೇಮಗುಡ್ಡದ ದುರ್ಗಮ್ಮನಿಗೆ ಹರಕೆಯನ್ನೂ ಹೊತ್ತರು. ಕೂಸು ನೆಟ್ಟಗೆ ಕೈಗೆ ಬರಲಿ, ಬರೀ ಹಾಲು ಹಣ್ಣಿನ ಮೇಲೆ ಘಟ್ಟಕ್ಕೆ ಕೂಡುತ್ತೇನೆ ಎಂದು.

ಇದರಲ್ಲೊಂದು ತೊಡಕಿತ್ತು. ಮನೆತನದಲ್ಲಿ ಕೂಸು ಹುಟ್ಟಿದರೆ ಪುರುಡು. ಮನೆಯವರು ಯಾರೂ ದೀಪ ಮುಟ್ಟುವಂತಿಲ್ಲ, ಘಟ್ಟ ನಡುವೆಯೇ ನಿಂತುಹೋಗುತ್ತದೆ. ಡಾಕ್ಟರು ಕೊಟ್ಟ ದಿನ ದಸರೆ ದಾಟಿದ ಮೇಲಿತ್ತು ನಿಜ. ಆದರೆ ಕೂಸಿಗೆ ಕ್ಯಾಲೆಂಡರ್ ತೋರಿಸಿದವರು ಯಾರು? ಮನೆಯಲ್ಲಿ ಎಲ್ಲರೂ ಅವಳ ಹೊಟ್ಟೆಯನ್ನೂ ದೇವರ ಕೋಣೆಯನ್ನೂ ಒಂದೇ ನೋಟದಲ್ಲಿ ನೋಡುತ್ತಿದ್ದೆವು.

ಬಿತ್ತುವ ದಿನ ನೆಗೆಣ್ಣಿ ಸೆರಗಿನ ತುದಿಯಿಂದ ತವರಿನ ಒಂದು ಮುಷ್ಟಿ ಭತ್ತ ಬಿಚ್ಚಿ, ಇದನ್ನೂ ಹಾಕಬಹುದೇ ಎಂದು ಕೇಳಿದ್ದಳು. ಒಣ ಸೀಮೆಯ ಘಟ್ಟಕ್ಕೆ ಭತ್ತವೇ ಎಂದು ಅತ್ತೆ ನಕ್ಕರು, ಆದರೂ ಒಂದು ಮೂಲೆಯಲ್ಲಿ ಹಾಕಿಸಿದರು. ಜೋಳ, ಗೋಧಿ ಬೇಗ ಎದ್ದು ಬೆರಳುದ್ದ ಬೆಳೆದವು. ಭತ್ತದ ಮೂಲೆ ಮಾತ್ರ ಬೋಳಾಗಿಯೇ ಉಳಿಯಿತು. ನೆಗೆಣ್ಣಿ ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು ಆ ಮೂಲೆಯನ್ನು ಇಣುಕಿ ಹೋಗುವಳು.

ಖಂಡೇನವಮಿಯ, ಅಂದರೆ ಆಯುಧಪೂಜೆಯ ದಿನ ಬೆಳಿಗ್ಗೆ ನಾವಿಬ್ಬರೂ ಹಿತ್ತಲಿನ ಕಟ್ಟೆಯ ಮೇಲೆ ಒಂಬತ್ತನೆಯ ಮಾಲೆ ಕಟ್ಟಲು ಕೂತೆವು. ಅಂಗಳದಲ್ಲಿ ಮೈದುನ ತನ್ನ ಗೂಡ್ಸ್ ಗಾಡಿ ತೊಳೆದು ಸಿಂಗರಿಸುತ್ತಿದ್ದ. ದಿನಾ ದಾಳಿಂಬೆ ಹೇರುವ ಆ ಗಾಡಿಗೆ ಅವತ್ತು ಮುಂದೆ ಬಾಳೆಕಂಬ, ಕನ್ನಡಿಗೆ ಹೂವು, ನೆತ್ತಿಗೆ ಮಾವಿನ ತೊಪ್ಪಲು.

ನೆಗೆಣ್ಣಿಯ ಕೈ ಚುರುಕು. ನಾನು ಒಂದು ಹೂವಿಗೆ ಗಂಟು ಹಾಕುವಷ್ಟರಲ್ಲಿ ಅವಳದು ಗೇಣುದ್ದ ಆಗಿರುತ್ತದೆ. ಅವತ್ತು ಕೈ ನಡುನಡುವೆ ನಿಲ್ಲುತ್ತಿತ್ತು. ದಾರ ಬಿಗಿಹಿಡಿದು, ಕೆಳತುಟಿ ಕಚ್ಚಿ, ಹಿತ್ತಲಿನ ಬೇಲಿಯನ್ನೇ ನೋಡುತ್ತ ಕೂಡುವಳು. ಸ್ವಲ್ಪ ಹೊತ್ತಿಗೆ ಉಸಿರು ಬಿಟ್ಟು ಮತ್ತೆ ಹೂವಿಗೆ ಕೈ ಹಾಕುವಳು. ಏನಾಯಿತು ಎಂದರೆ ಸೊಂಟ ನೋವು ಎಂದಳು. ಬೇಲಿಯ ಮೇಲೆ ನೋಡಿದೆ. ಹಿಂಡಿ ಒಣಹಾಕಿದ ಅವಳ ಎರಡು ಸೀರೆಗಳಿದ್ದವು. ಮೈಮೇಲಿದ್ದದ್ದು ಮೂರನೆಯದು.

ಬುಟ್ಟಿ ಸರಿಸಿ ಹತ್ತಿರ ಹೋದೆ. ಅವಳು ನನ್ನ ಕೈ ಎಳೆದು ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಕಲ್ಲಿನ ಹಾಗೆ ಬಿಗಿದಿತ್ತು.

"ನಸುಕಿನಿಂದ ನೀರು ಹೋಗಾಕತ್ತೈತ್ರಿ ಅಕ್ಕಾ. ಅತ್ತಿಗೆ ಹೇಳಬ್ಯಾಡ್ರಿ. ನಾಳೆ ಬನ್ನಿ ಮುಡಿಯೂತನಕ ತಡಕೋತೀನಿ. ಘಟ್ಟ ಕೆಟ್ರ ಈ ಕೂಸೂ ನನಗ ಉಳಿಯಂಗಿಲ್ಲ."

ಹೇಳಿದರೆ ಹೊಟ್ಟೆಯೊಳಗಿನದರ ಆಣೆ ಎಂದೂ ಸೇರಿಸಿದಳು. ನನಗೆ ಸಿಟ್ಟು ನೆತ್ತಿಗೇರಿತು. ಅವಳ ಮೇಲೋ, ಅತ್ತೆಯ ಮೇಲೋ, ಆ ಗಡಿಗೆಯ ಮೇಲೋ, ಈಗಲೂ ಹೇಳಲಾರೆ. ಸಿಟ್ಟಿಗಿಂತ ಹೆದರಿಕೆ ದೊಡ್ಡದಿತ್ತು. ನೀರು ಹೋದ ಮೇಲೆ ತಡಮಾಡಿದರೆ ಏನಾಗುತ್ತದೆ ಎಂದು ತಿಳಿಯದಷ್ಟು ದಡ್ಡಿ ನಾನಲ್ಲ. ಅವಳು ಕೂಡ ಅಲ್ಲ. ಆದರೂ ಹಾಗೇ ಕೂತು ಹೂವು ಪೋಣಿಸುತ್ತಿದ್ದಳು. ಆಣೆಯನ್ನು ಅಲ್ಲೇ ಕಟ್ಟೆಯ ಮೇಲೆ ಬಿಟ್ಟು ಒಳಗೆ ಹೋದೆ.

ಅತ್ತೆ ಬೊಗಸೆಯಲ್ಲಿ ನೀರು ಹಿಡಿದು ಸಸಿಗಳ ಮೇಲೆ ಚಿಮುಕಿಸುತ್ತಿದ್ದರು. ಬಾಗಿಲಲ್ಲಿ ನಿಂತು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅವರು ತಿರುಗಲಿಲ್ಲ. ಬೊಗಸೆಯ ನೀರು ಸೋರಿ ಪೂರಾ ಖಾಲಿಯಾಯಿತು. ಇನ್ನೇನು, ಒಂದು ದಿನ ತಡೆಯಲಿ ಅನ್ನುತ್ತಾರೆ ಎಂದುಕೊಂಡೆ. ಹಾಗಂದರೆ ಇವತ್ತು ಈ ಮನೆ ಎರಡಾದರೂ ಚಿಂತೆಯಿಲ್ಲ ಎಂದು ಮನಸ್ಸು ಗಟ್ಟಿಮಾಡಿ, ಬಾಯಲ್ಲಿ ಮಾತು ಸಿದ್ಧ ಇಟ್ಟುಕೊಂಡೇ ನಿಂತಿದ್ದೆ.

ಅತ್ತೆ ಎಣ್ಣೆಯ ಗಿಂಡಿ ಎತ್ತಿ ದೀಪಕ್ಕೆ ಅಂಚಿನವರೆಗೆ ಸುರಿದರು. ಗೋಡೆ ಹಿಡಿದು ಎದ್ದರು. ಅವರ ಉಪವಾಸಕ್ಕೆ ಅದು ಒಂಬತ್ತನೆಯ ದಿನ. ಹಿತ್ತಲಿಗೆ ಬಂದು ನೆಗೆಣ್ಣಿಯ ಮುಂದೆ ನಿಂತಾಗ ಅವಳು ಅಳತೊಡಗಿದಳು, ತಾನು ಏಳುವುದಿಲ್ಲ, ಘಟ್ಟ ಬಿಟ್ಟು ಬರಬ್ಯಾಡ್ರಿ ಎಂದು. ಅತ್ತೆ ಅವಳ ರಟ್ಟೆ ಹಿಡಿದು ಎಬ್ಬಿಸಿದರು.

"ಕೂಸು ಬೇಕಂತ ನಾ ಘಟ್ಟಕ್ಕ ಕುಂತೀನಿ. ಘಟ್ಟದ ಸಲುವಾಗಿ ಕೂಸು ಕಳಕೊಳ್ಳಾಕಲ್ಲ. ಏಳು."

ಆಂಬುಲೆನ್ಸಿಗೆ ಕಾಯುವ ಧೈರ್ಯ ನಮಗಾರಿಗೂ ಇರಲಿಲ್ಲ. ಮೈದುನ ಗಾಡಿಯ ಮುಂದೆ ಕೈಕಟ್ಟಿ ನಿಂತ. ಖಂಡೇಪೂಜೆಗೆ ಸಿಂಗರಿಸಿದ ಗಾಡಿಯನ್ನು ಪೂಜೆಯಾಗದೆ ಕದಲಿಸುವುದು ಹೇಗೆ ಎಂದು ತೊದಲಿದ. ಅತ್ತೆ ಬಾಗಿಲೊಳಗಿನಿಂದಲೇ ಕೈಬೀಸಿ ಅವನನ್ನು ಗಾಡಿ ಹತ್ತಿಸಿದರು. ಎದುರು ಮನೆಯ ಅವ್ವನನ್ನು ಕೂಗಿ, ದೀಪಕ್ಕೆ ಎಣ್ಣೆ ನೋಡಿಕೊಳ್ಳಲು ಹೇಳಿ, ಬರಿಗಾಲಲ್ಲೇ ಹೊಸ್ತಿಲು ದಾಟಿದರು. ದಾಟುವಾಗ ಒಂದು ಕ್ಷಣ ನಿಂತದ್ದನ್ನು ನಾನು ನೋಡಿದೆ.

ನಮ್ಮೂರಿನಿಂದ ಕುಷ್ಟಗಿಯ ದಾರಿ ಎಂದೂ ಅಷ್ಟು ಉದ್ದವಾಗಿರಲಿಲ್ಲ. ನೆಗೆಣ್ಣಿ ಮುಂದಿನ ಸೀಟಿನಲ್ಲಿ ನನ್ನ ಮೈಗೆ ಒರಗಿದ್ದಳು, ಅತ್ತೆ ಹಿಂದೆ ಸರಕು ಹೇರುವ ಡಬ್ಬಿಯಲ್ಲಿ ಗೋಣಿಚೀಲದ ಮೇಲೆ. ಬಾಳೆ ಎಲೆ ಗಾಜಿಗೆ ಪಟಪಟ ಬಡಿಯುತ್ತಿತ್ತು. ಎದುರು ಬರುವ ಗಾಡಿಗಳೂ ಹೂವು ಮುಡಿದಿದ್ದವು. ನಾವೂ ಹಬ್ಬಕ್ಕೆ ಹೊರಟವರೆಂದು ತಿಳಿದು ನಗುತ್ತ ಕೈಯೆತ್ತಿದವರನ್ನು ಕಂಡು ನನಗೆ ಬೈಯುವ ಹಾಗಾಗುತ್ತಿತ್ತು. ನೆಗೆಣ್ಣಿ ನೋವು ಬಂದಾಗಲೆಲ್ಲ ಕೈಯಲ್ಲಿದ್ದುದನ್ನು ಹಿಸುಕುತ್ತಿದ್ದಳು. ಅರ್ಧ ಕಟ್ಟಿದ ಒಂಬತ್ತನೆಯ ಮಾಲೆ ಅವಳ ಜೊತೆಯೇ ಬಂದಿತ್ತು.

ದವಾಖಾನೆಯ ನರ್ಸ್ ಅವಳನ್ನು ನೋಡಿದವಳೇ, ಇಷ್ಟೊತ್ತು ಏನು ಮಾಡುತ್ತಿದ್ದಿರಿ ಎಂದು ನಮ್ಮನ್ನು ಗದರಿದಳು. ಏನೆಂದು ಹೇಳುವುದು? ಹೂವು ಕಟ್ಟುತ್ತಿದ್ದೆವು ಎಂದೇ? ಮಾಲೆಯನ್ನು ನನ್ನ ಕೈಗೆ ತುರುಕಿ ಬಾಗಿಲು ಹಾಕಿಕೊಂಡಳು. ಅದನ್ನು ಅತ್ತೆಗೆ ಕೊಟ್ಟೆ. ಅವರು ಗೋಡೆಗೆ ಒರಗಿ ನೆಲದ ಮೇಲೆ ಕೂತು ಅದನ್ನು ಮಡಿಲಲ್ಲಿ ಇಟ್ಟುಕೊಂಡರು. ಹಾಲು ತಂದುಕೊಟ್ಟರೆ ಕುಡಿಯಲಿಲ್ಲ. ತುಟಿ ಅಲುಗುತ್ತಿತ್ತು. ಹೇಮಗುಡ್ಡದ ತಾಯಿಗೆ ಏನು ಹೇಳಿಕೊಳ್ಳುತ್ತಿದ್ದರೋ, ಕ್ಷಮೆ ಕೇಳುತ್ತಿದ್ದರೋ, ಜಗಳವಾಡುತ್ತಿದ್ದರೋ. ಜಗಳವಾಡಿದ್ದರೆ ಒಳ್ಳೆಯದೇ ಮಾಡಿದರು.

ಮಧ್ಯಾಹ್ನ ಇಳಿಯಿತು. ಒಳಗೆ ಓಡಾಟ ಜೋರಾಯಿತು, ಆಮೇಲೆ ಒಮ್ಮೆಲೆ ಸದ್ದಡಗಿತು. ಕೂಸಿನ ಅಳು ಕೇಳಲಿಲ್ಲ. ಮೈದುನ ಗೋಡೆಗೆ ಮುಖ ಹಾಕಿ ನಿಂತ. ಆ ಹೊತ್ತು ಎಷ್ಟು ಎಂದು ನನಗೆ ಗೊತ್ತಿಲ್ಲ. ಅತ್ತೆಯ ಮಡಿಲಲ್ಲಿದ್ದ ಹೂವಿನ ಬಣ್ಣ ಮಾತ್ರ ನೆನಪಿದೆ. ಆಮೇಲೆ ಅತ್ತಿತು. ಮೊದಲು ಕೆಮ್ಮಿನ ಹಾಗೆ, ಮತ್ತೆ ಓಣಿಗೆಲ್ಲ ಕೇಳುವ ಹಾಗೆ. ಹೆಣ್ಣುಕೂಸು. ನಾನು ಅತ್ತೆಯನ್ನು ತಬ್ಬಿಕೊಂಡೆ. ಮದುವೆಯಾಗಿ ಇಷ್ಟು ವರ್ಷಕ್ಕೆ ಅದೇ ಮೊದಲು.

ಒಳಗೆ ಬಿಟ್ಟಾಗ ನೆಗೆಣ್ಣಿ ಕಣ್ಣು ತೆರೆದು ಕೇಳಿದ ಮೊದಲ ಮಾತು, ದೀಪ ಐತೇನ್ರಿ ಅತ್ತಿ, ಎಂಬುದು.

"ದೀಪ ನೋಡಾಕ ಮಂದಿ ಅದಾರ. ನಿನ್ನ ನೋಡಾಕ ನಾ ಬಂದೀನಿ," ಎಂದರು ಅತ್ತೆ. ಮಡಿಲಿನ ಮಾಲೆಯನ್ನು ಮಂಚದ ಕಬ್ಬಿಣದ ಸರಳಿಗೆ ಸುತ್ತಿ ಗಂಟು ಹಾಕಿದರು.

ಮರುದಿನ ದಸರೆ. ಪುರುಡಿನವರಾದ ನಮಗೆ ದೇವರ ಕೋಣೆ ದೂರ. ಎದುರು ಮನೆಯ ಅವ್ವನೇ ಘಟ್ಟಕ್ಕೆ ಆರತಿ ಬೆಳಗಿ, ಸಸಿಗಳನ್ನು ಕಿತ್ತು, ಬನ್ನಿಯ ಸೊಪ್ಪಿನೊಂದಿಗೆ ದವಾಖಾನೆಗೆ ತಂದರು. ದೀಪ ಉರಿಯುತ್ತಲೇ ಇದೆ ಎಂದರು. ಅತ್ತೆ ತಟ್ಟೆಯಲ್ಲಿ ಬೆರಳಾಡಿಸಿ, ಜೋಳ ಗೋಧಿಗಳ ನಡುವಿನಿಂದ ಸೂಜಿಯಷ್ಟು ಸಣ್ಣ ಹಸಿರು ಮೊಳಕೆಗಳನ್ನು ಆರಿಸಿದರು. ಭತ್ತ. ನಾವು ಬಿಟ್ಟುಬಂದ ಮೇಲೆ ಎದ್ದದ್ದು.

ಬನ್ನಿಯನ್ನು ಕಿರಿಯರು ಹಿರಿಯರಿಗೆ ಕೊಟ್ಟು ಕಾಲಿಗೆ ಬೀಳುವುದು ನಮ್ಮಲ್ಲಿಯ ರೂಢಿ. ಮನೆಗೇ ಹಿರಿಯರಾದ ಅತ್ತೆ ಅವತ್ತು ನಮ್ಮ ಯಾರ ಕೈಯಿಂದಲೂ ಮೊದಲು ತೆಗೆದುಕೊಳ್ಳಲಿಲ್ಲ. ಬನ್ನಿಯ ಎಲೆಯನ್ನೂ ಭತ್ತದ ಮೊಳಕೆಯನ್ನೂ ಸೇರಿಸಿ, ಮಂಚದ ಕಡೆ ಬಾಗಿ, ಕೂಸಿನ ಮುಚ್ಚಿದ ಮುಷ್ಟಿಯೊಳಗೆ ಸಿಕ್ಕಿಸಿದರು.

"ಬನ್ನಿ ತಗೋ ಯವ್ವಾ. ಬಂಗಾರದಂಗ ಇರೂಣು."

ಆಮೇಲೆ ಅಲ್ಲೇ ಕೂತು, ಎದುರು ಮನೆಯ ಅವ್ವ ತಂದ ಹೋಳಿಗೆಯನ್ನು ಮುರಿದು ಬಾಯಿಗೆ ಹಾಕಿಕೊಂಡರು.