ವಾಡೆಯ ಗೋಡೆಗೆ ಬೆಳಕು ಹಿಡಿದವರು

ಇದನ್ನು ನಂಬಿ ಎಂದು ನಾನು ಯಾರ ಕೈಕಾಲೂ ಹಿಡಿಯುವುದಿಲ್ಲ. ಆದರೆ ಆ ರಾತ್ರಿ ತೆಗೆದ ಫೋಟೋ ಇವತ್ತಿಗೂ ಮೂಡಲಗಿಯ ಒಂದು ಅಂಗಡಿಯಲ್ಲಿ ತೂಗುತ್ತಿದೆ. ಯಾರು ಬೇಕಾದರೂ ಹೋಗಿ ನೋಡಬಹುದು.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ಗೋಕಾಕದ ಒಂದು ಫೋಟೋ ಸ್ಟುಡಿಯೋದಲ್ಲಿ ನಾನು ಮತ್ತು ಬಸ್ಯಾ ಕೆಲಸ ಕಲಿಯುತ್ತಿದ್ದೆವು. ಒಂದೇ ವಯಸ್ಸು, ಒಂದೇ ಪಗಾರ. ಮಾಲೀಕರನ್ನು ಕಾಕಾ ಎನ್ನುತ್ತಿದ್ದೆವು. ಮೂಡಲಗಿಯಲ್ಲಿ ಇನ್ನೊಂದು ಅಂಗಡಿ ತೆರೆದು ನಮ್ಮಿಬ್ಬರಲ್ಲಿ ಒಬ್ಬನ ಕೈಗೆ ಕೊಡುತ್ತೇನೆ ಎಂದು ಅವರು ಹೇಳಿದಂದಿನಿಂದ ನನ್ನ ನಿದ್ದೆ ಹೋಯಿತು. ದಿನಕ್ಕೆ ಎಷ್ಟು ಪ್ಲೇಟು ತೆಗೆದೆವು, ಎಷ್ಟು ಕೆಟ್ಟವು ಎಂದು ಬರೆಯುತ್ತಿದ್ದ ಡೈರಿಯಲ್ಲಿ ಹೊಸ ಲೆಕ್ಕವೊಂದು ಶುರುವಾಯಿತು: ಕಾಕಾ ಯಾರಿಗೆ ಎಷ್ಟು ಸಲ ‘ಶಾಬಾಸ್’ ಎಂದರು. ಆ ತಿಂಗಳು ಬಸ್ಯಾನಿಗೆ ಒಂಬತ್ತು, ನನಗೆ ಎರಡು... ಅದರಲ್ಲೂ ಒಂದು ಚಹಾ ಚೆನ್ನಾಗಿ ಮಾಡಿದ್ದಕ್ಕೆ.

ಯಮಕನಮರಡಿಯ ಹತ್ತಿರ ಒಂದು ಹಳೆಯ ವಾಡೆ, ಕೋಟೆಯಂಥ ದೊಡ್ಡ ಮನೆ. ಅದರ ನಡುಮನೆಯ ಗೋಡೆಯ ತುಂಬ ಚಿತ್ರಗಳು: ಆನೆ, ಪಲ್ಲಕ್ಕಿ, ಕುಸ್ತಿ ಹಿಡಿದ ಪೈಲ್ವಾನರು. ಗೋಡೆ ಕೆಡವಲು ಮರುದಿನ ಬೆಳಿಗ್ಗೆಯೇ ಗೌಂಡಿಗಳು ಬರುವವರಿದ್ದರು. ಅದಕ್ಕೆ ಮೊದಲು ಒಂದು ಫೋಟೋ ತೆಗೆಯಿರಿ ಎಂದು ವಾಡೆಯ ಯಜಮಾನರು ಹೇಳಿ ಕಳಿಸಿದ್ದರು. ಕಾಕಾಗೆ ಜ್ವರ. ಹಾಸಿಗೆಯಲ್ಲೇ ಕೂತು ನಮಗೆ ಕೆಲಸ ಹಂಚಿದರು.

"ಲೇ ಶಿವ್ಯಾ, ನೀ ಕ್ಯಾಮೆರಾದ ಕಡೆ ಇರು. ಬತ್ತಿ ಬಸ್ಯಾ ಹಿಡೀಲಿ. ನೀ ನಡುವ ನಿಂತಬಿಡ್ತಿ, ದಣದ ಎತ್ತಿನಂಗ. ಈ ಫೋಟೋ ಚಲೋ ಬಂತಂದ್ರ ಮೂಡಲಗಿ ಅಂಗಡಿ ಬಸ್ಯಾಂದು."

ಕಿಟಕಿಯಿಲ್ಲದ ಕೋಣೆಯಲ್ಲಿ ಗೋಡೆಯ ಫೋಟೋ ತೆಗೆಯುವ ರೀತಿಯೇ ಬೇರೆ. ಕತ್ತಲಲ್ಲಿ ಕ್ಯಾಮೆರಾದ ಮುಚ್ಚಳ ತೆರೆದಿಡಬೇಕು. ಇನ್ನೊಬ್ಬ ಗ್ಯಾಸಬತ್ತಿಯನ್ನು, ಅಂದರೆ ಪಂಪು ಹೊಡೆದು ಉರಿಸುವ ಸೀಮೆಎಣ್ಣೆ ದೀಪವನ್ನು, ತನ್ನ ಮೈಯಿಂದ ಮರೆಮಾಡಿ, ಬೆಳಕು ಗೋಡೆಗಷ್ಟೇ ಬೀಳುವಂತೆ ಹಿಡಿದು, ಒಂದೇ ಹದದಲ್ಲಿ ನಡೆಯಬೇಕು. ನಿಲ್ಲದೆ ನಡೆದರೆ ಅವನು ಫೋಟೋದಲ್ಲಿ ಬರುವುದೇ ಇಲ್ಲ. ಚೂರು ತಡೆದರೂ ಕರಿ ನೆರಳಾಗಿ ಉಳಿದುಬಿಡುತ್ತಾನೆ.

ಆ ರಾತ್ರಿ ನಡುಮನೆಗೆ ಕಾಲಿಟ್ಟಾಗ ಬಾವಲಿಗಳ ಹೊಲಸು, ಹಳೆಯ ಸುಣ್ಣದ ವಾಸನೆ. ನಾನು ಬಾಗಿಲಲ್ಲಿ ಕ್ಯಾಮೆರಾ ನಿಲ್ಲಿಸಿದೆ. ಬಸ್ಯಾ ಬತ್ತಿ ತೆಗೆದುಕೊಂಡು ಆಚೆ ಮೂಲೆಗೆ ಹೋದ.

"ಬೆಳಕ ಕಂಡ ಕೂಡ್ಲೆ ಮುಚ್ಚಳ ತಗಿ. ನಿದ್ದಿ ಹೊಡೀಬ್ಯಾಡ," ಎಂದ ಕತ್ತಲೊಳಗಿಂದ.

"ನೀ ಗೋಡ್ಯಾಗಿನ ಆನಿಗೆ ಅಂಜಿ ಓಡಬ್ಯಾಡ," ಎಂದೆ.

ಆಮೇಲೆ ಸದ್ದಿಲ್ಲ... ಬಹಳ ಹೊತ್ತು ಸದ್ದಿಲ್ಲ.

ಕಡೆಗೆ ಬೆಳಕು ಕಂಡಿತು. ಮುಚ್ಚಳ ತೆಗೆದೆ. ಮೊದಲು ಆನೆಯ ಸೊಂಡಿಲು, ಆಮೇಲೆ ಪಲ್ಲಕ್ಕಿ, ಹೊತ್ತವರ ಹೆಗಲು... ಬೆಳಕು ಗೋಡೆಯನ್ನು ಸವರುತ್ತ ಬಂತು. ತಡೆಯಲಿಲ್ಲ, ನಡುಗಲಿಲ್ಲ. ನನ್ನ ಹೊಟ್ಟೆಯೊಳಗೆ ಬೆಂಕಿ. ಎಡವು ಮಗನೇ, ಒಂದೇ ಒಂದು ಸಲ ಎಡವು, ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಬೆಳಕು ಎಡವಲಿಲ್ಲ. ಕೊನೆಯ ಕಂಬದ ಹಿಂದೆ ಹೋಗಿ ಆರಿತು.

ಮುಚ್ಚಳ ಹಾಕುವಾಗ ಹೊಳೆಯಿತು... ಉರಿಯುವ ಗ್ಯಾಸಬತ್ತಿ ಬುಸುಗುಡುತ್ತಲೇ ಇರುತ್ತದೆ. ಇಷ್ಟು ಹೊತ್ತೂ ಆ ಸದ್ದು ನನಗೆ ಕೇಳಿರಲಿಲ್ಲ.

"ಬಸ್ಯಾ, ಬಾರೋ ಇತ್ತ..."

"ಮುಗೀತೇನು?"

ದನಿ ನನ್ನ ಬೆನ್ನ ಹಿಂದಿನಿಂದ ಬಂತು. ಬಸ್ಯಾ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಚಿಮಣಿ ಎಣ್ಣೆಯ ಬಾಟಲಿ.

"ನೀ ಎಲ್ಲಿಂದ ಬಂದಿ?"

"ಬತ್ಯಾಗ ಎಣ್ಣಿ ಇರಲಿಲ್ಲ. ಹಿತ್ತಲ ಬಾಗಲಾ ದಾಟಿ ಯಜಮಾನರ ಮನಿಗೆ ಹೋಗಿದ್ನಿ. ಕೂಗಿ ಹೇಳಿದ್ನಲ್ಲಾ? ನೀನ ‘ಹೂಂ’ ಅಂದಿ."

ನಾನು ಹೂಂ ಎಂದಿರಲಿಲ್ಲ.

ಕಡ್ಡಿ ಗೀರಿ ಒಳಗೆ ಹೋದೆವು. ಬತ್ತಿ ಆಚೆ ಮೂಲೆಯಲ್ಲೇ ಇತ್ತು. ಗಾಜು ಮುಟ್ಟಿದೆ. ತಣ್ಣಗೆ, ಬಾವಿಯ ಕಲ್ಲಿನ ಹಾಗೆ. ಅಲ್ಲಾಡಿಸಿದರೆ ಒಳಗೆ ಒಂದು ಹನಿ ಇಲ್ಲ. ಇಬ್ಬರೂ ಲಗುಬಗೆಯಿಂದ ಸಾಮಾನು ಕಟ್ಟಿ ಹೊರಬಿದ್ದೆವು.

ಫೋಟೋ ತೊಳೆದಾಗ ಒಂದು ನೆರಳೂ ಇರಲಿಲ್ಲ. ಪೈಲ್ವಾನರ ತೊಡೆಯ ಮೇಲಿನ ಮಣ್ಣು ಕೂಡ ಕಾಣುತ್ತಿತ್ತು. ಕಾಕಾ ಜ್ವರದಲ್ಲೇ ಎದ್ದು ಕೂತರು. "ಶಾಬಾಸ್ ಬಸ್ಯಾ! ಹಿಂಗ ನಾನೂ ನಡದಿಲ್ಲೋ."

ಬಸ್ಯಾ ಒಮ್ಮೆ ನನ್ನ ಮುಖ ನೋಡಿ ತಲೆ ತಗ್ಗಿಸಿದ. ‘ನಡೆದವನು ನಾನಲ್ಲ’ ಎಂದು ಅವನು ಹೇಳಲಿಲ್ಲ. ನಾನಾದರೂ ಏನು ಹೇಳಲಿ? ಬಾಯಿ ಬಿಟ್ಟರೆ ಹೊಟ್ಟೆಕಿಚ್ಚು ಎನ್ನುತ್ತಿದ್ದರು. ಹೊಟ್ಟೆಕಿಚ್ಚು ಇದ್ದದ್ದೂ ಖರೆ. ಅಂಗಡಿ ಅವನಿಗೆ ಹೋಯಿತು.

ವರ್ಷ ಕಳೆದ ಮೇಲೆ ಕಾಕಾನ ಕೆಲಸದ ಮೇಲೆ ಮೂಡಲಗಿಗೆ ಹೋಗಬೇಕಾಯಿತು.

"ಬಾರಪಾ, ಹೊಟ್ಟಿ ಉರಿ ಆರಿತೇನು?" ಎಂದು ಬಸ್ಯಾ ನಕ್ಕು ಚಹಾ ತರಿಸಿದ. ಚಹಾ ಮುಗಿದ ಮೇಲೆ ನಗು ಇರಲಿಲ್ಲ. "ಶಿವ್ಯಾ, ಒಂದ ಮಾತ ಹೇಳ್ತೀನಿ, ಸಿಟ್ಟಾಗಬ್ಯಾಡ. ಅವತ್ತ ಬ್ಯಾರೆ ಯಾವುದೋ ಬತ್ತಿ ಹಚ್ಚಿ ಹಿಡಕೊಂಡ ನಡದಾಂವ ನೀ. ಎಣ್ಣಿ ತಗೊಂಡ ಬಂದಾಗ ಬಾಗಲದಾಗ ನಿಂತ ನೋಡಿದ್ನಿ. ಏನ ನಡದೀಲೇ! ನನ್ನ ಹೊಟ್ಯಾಗ ಕೆಂಡ ಸುರದಂಗಾತು. ಅದಕ್ಕ ಕಾಕಾನ ಮುಂದ ಸುಮ್ಮನಿದ್ನಿ."

ನಾನು ತಟ್ಟನೆ ಎದ್ದು ನಿಂತೆ. "ನಾ ಕ್ಯಾಮೆರಾ ಬಿಟ್ಟು ಒಂದ ಹೆಜ್ಜಿ ಸರದಿಲ್ಲೋ."

"ಸುಳ್ಳ ಯಾಕ ಹೇಳ್ತಿ? ನಾ ಕ್ಯಾಮೆರಾದ ಬಾಜೂಕ ನಿಂತಿದ್ನಿ, ಕೈ ಅದರ ಮ್ಯಾಲೇ ಇತ್ತು. ಅಲ್ಲಿ ಯಾರೂ ಇರಲಿಲ್ಲ. ಬೆಳಕ ಆರಿದ ಮ್ಯಾಲ ನಿನ್ನ ದನಿ ಬಾಜೂಕ ಕೇಳಿತು. ಇಷ್ಟ ಲಗೂ ಹೆಂಗ ಬಂದಾ ಅಂದ್ಕೊಂಡ್ನಿ..."

ಇಬ್ಬರೂ ಅಂಗಡಿಯ ಗೋಡೆಗೆ ತೂಗುಹಾಕಿದ್ದ ವಾಡೆಯ ಆ ಫೋಟೋ ನೋಡಿದೆವು. ಬಸ್ಯಾನ ದನಿ ಇಳಿಯಿತು.

"ಹಂಗಾರ... ಆಗ ನೀ ಎಲ್ಲಿದ್ದಿ?"

ಅದಾಗಿ ಎಷ್ಟೋ ವರ್ಷವಾಯಿತು. ಬಸ್ಯಾನ ಮೇಲೆ ಈಗ ಹೊಟ್ಟೆಕಿಚ್ಚಿಲ್ಲ. ಅದು ಹೋಗಿ ಆ ರಾತ್ರಿ ಬೆಳಕು ಹಿಡಿದು ನಡೆದವನ ಮೇಲೆ ಕೂತಿದೆ, ಅವನು ಯಾರೇ ಇರಲಿ. ಕತ್ತಲ ಕೋಣೆಗಳಲ್ಲಿ ಈಗ ನಾನೇ ಬತ್ತಿ ಹಿಡಿಯುತ್ತೇನೆ. ಎಷ್ಟು ಜತನವಾಗಿ ನಡೆದರೂ ಅವನ ಹದ ಬರುವುದಿಲ್ಲವಲ್ಲ ಎಂದು ಒಳಗೊಳಗೇ ಉರಿಯುತ್ತದೆ... ಆಗ ನನ್ನ ಮುಂದೆ ಯಾರೋ ನಿಧಾನವಾಗಿ ನಡೆಯುತ್ತಿದ್ದಾರೆ ಅನಿಸುತ್ತದೆ. ನಿಂತು ನೋಡುವಂತಿಲ್ಲ. ನಿಂತರೆ ಫೋಟೋದಲ್ಲಿ ಉಳಿದುಬಿಡುತ್ತೇನೆ.